ಫಸಲಿ 1366

ಆಗಸ್ಟ್ 18, 2025, ಸೋಮವಾರ

ಸ್ವಂತ ಕಚೇರಿ ತೆರೆದು ಇವತ್ತಿಗೆ ಹದಿನೆಂಟು ದಿನ. ಹದಿನೇಳು ದಿನ ನೊಣ ಓಡಿಸಿದ್ದಕ್ಕೆ ಇವತ್ತು ಫಲ ಸಿಕ್ಕಿತು. ಲೇಔಟ್ ಮಾಡುವ ಪರ್ವೇಜ್ ಸಾಹೇಬರು ತಾವೇ ಮೆಟ್ಟಿಲು ಹತ್ತಿ ಬಂದರು. ಇರುವ ಒಂದೇ ಗಟ್ಟಿ ಕುರ್ಚಿಯನ್ನು ಅವರಿಗೆ ಕೊಟ್ಟು, ಕಾಲು ಅಲುಗಾಡುವ ಕುರ್ಚಿಯಲ್ಲಿ ನಾನು ಕೂತೆ. ಮಾತುಕತೆ ಮುಗಿಯುವವರೆಗೂ ಒಂದು ಕಡೆ ವಾಲಿಕೊಂಡೇ ಗಂಭೀರವಾಗಿದ್ದೆ.

ಕೆಲಸ ಇದು. ಮಾನ್ವಿ ತಾಲೂಕಿನ ಮಲ್ಲಟದಲ್ಲಿ ರಸ್ತೆಗೆ ಹತ್ತಿದ ಎಂಟು ಎಕರೆ ಜಮೀನು. ಶಕ್ತಿನಗರದ ವಿದ್ಯುತ್ ಸ್ಥಾವರದಿಂದ ನಿವೃತ್ತರಾಗುತ್ತಿರುವ, ಮೂಲತಃ ಆ ಕಡೆಯವರೇ ಆದ ನಲವತ್ತು ಮಂದಿ ಅಲ್ಲಿ ಮನೆ ಕಟ್ಟಿಕೊಳ್ಳಬೇಕೆಂದಿದ್ದಾರೆ. ಪರ್ವೇಜ್ ಸಾಹೇಬರು ಅದನ್ನು ಕೊಳ್ಳುವ ಮೊದಲು, ಜಮೀನು ನಿಜಕ್ಕೂ ಮಾರುವವನದೇ ಹೌದೋ ಅಲ್ಲವೋ ಎಂದು ಹಳೆಯ ಕಾಗದಗಳನ್ನೆಲ್ಲ ನೋಡಿ ನಾನು ಅಭಿಪ್ರಾಯ ಪತ್ರ ಬರೆದು ಸಹಿ ಮಾಡಬೇಕು. ನನ್ನ ಸಹಿ! ಹಿರಿಯ ವಕೀಲೆ ಸುನಂದಾ ಮೇಡಂ ಕೈಕೆಳಗೆ ಮೂರು ವರ್ಷ ಇಂಥವು ನೂರಾರು ಬರೆದಿದ್ದೇನೆ, ಆದರೆ ಕೆಳಗಿನ ಸಹಿ ಯಾವಾಗಲೂ ಮೇಡಂ ಅವರದು.

ಇಷ್ಟು ಜನ ವಕೀಲರಿರುವ ರಾಯಚೂರಿನಲ್ಲಿ ಇಪ್ಪತ್ತೆಂಟು ವರ್ಷದ ನನ್ನನ್ನೇ ಯಾಕೆ ಹುಡುಕಿಕೊಂಡು ಬಂದರು ಎಂದರೆ, ನನಗೆ ಉರ್ದು ಓದಲು ಬರುತ್ತದೆ. ಇಲ್ಲಿಯ ಹಳೆಯ ಜಮೀನು ದಾಖಲೆಗಳೆಲ್ಲ ಉರ್ದು, ಅದೂ ಇರುವೆ ಮಸಿಗೆ ಬಿದ್ದು ಎದ್ದು ಓಡಿದಂಥ ಅಕ್ಷರ. ದೊಡ್ಡ ದೊಡ್ಡ ವಕೀಲರೂ ಅದನ್ನು ಓದಿಸಲು ವಯಸ್ಸಾದವರ ಮನೆಬಾಗಿಲಿಗೆ ಹೋಗುತ್ತಾರೆ. ನನಗೆ ಮನೆಯಲ್ಲೇ ಅಮ್ಮಿ ಇದ್ದಾರೆ. ಗುಲ್ಶನ್ ಬೇಗಂ ಟೀಚರ್ ಎಂದರೆ ಇಲ್ಲಿಯ ಉರ್ದು ಶಾಲೆಯಲ್ಲಿ ಕಲಿತವರು ಇವತ್ತಿಗೂ ಎದ್ದು ನಿಲ್ಲುತ್ತಾರೆ. ಏನು ಕೆಲಸ ಬೇಟಾ ಎಂದು ಅಮ್ಮಿ ಕೇಳಿದರು. ಜಮೀನಿನ ಜಾತಕ ಬರೆಯುವುದು ಎಂದೆ.

ಆತಿಯಾ, ಬಿ.ಎ., ಎಲ್‌ಎಲ್.ಬಿ., ವಕೀಲರು. ಈ ಪುಟದ ಅಂಚಿನಲ್ಲಿ ನಾಲ್ಕು ಸಲ ಸಹಿ ಮಾಡಿ ನೋಡಿದ್ದೇನೆ. ಮೂರನೆಯದು ಚೆನ್ನಾಗಿದೆ.

ಆಗಸ್ಟ್ 20, ಬುಧವಾರ

ಜಮೀನು ಮಾರುವ ಸಿದ್ರಾಮ ಮಲ್ಲಟದಿಂದ ಬಂದಿದ್ದ. ಐವತ್ತರ ಆಸುಪಾಸು, ಮಾತು ಕಡಿಮೆ, ಹೆಗಲ ಮೇಲಿನ ಟವೆಲನ್ನು ತೊಡೆಯ ಮೇಲೆ ಹಾಕಿ ಮಡಚಿ ಬಿಚ್ಚಿ ಮಾಡುತ್ತಿದ್ದ. ಕುರಿ ಸಾಕುವ ಮನೆತನ. ಅವನ ಅಜ್ಜ ಅಮೋಘಸಿದ್ದ ಕುರಿ ಮಾರಿದ ದುಡ್ಡಿನಲ್ಲಿ ಈ ಎಂಟು ಎಕರೆ ಕೊಂಡದ್ದು. ವಂಶವೃಕ್ಷದ ಕಾಗದವನ್ನೂ ಮಾಡಿಸಿ ತಂದಿದ್ದಾನೆ: ಅಮೋಘಸಿದ್ದ, ಅವನ ಕೆಳಗೆ ಮಗ ತಾಯಣ್ಣ, ತಾಯಣ್ಣನ ಕೆಳಗೆ ಸಿದ್ರಾಮ. ಬಿದಿರಿನ ಗಳುವಿನ ಹಾಗೆ ನೆಟ್ಟಗೆ ಒಂದೇ ಗೆರೆ. ಇಷ್ಟು ಅಚ್ಚುಕಟ್ಟಾದ ವಂಶ ನಾನು ನೋಡಿಯೇ ಇಲ್ಲ, ನೋಡಿ ಖುಷಿಯಾಯಿತು.

ಅಜ್ಜ ಯಾವಾಗ ತೀರಿಕೊಂಡರು ಎಂದು ಕೇಳಿದೆ. ನಲವತ್ತೇಳು-ನಲವತ್ತೆಂಟರ ರಜಾಕಾರರ ಗದ್ದಲದ ಹೊತ್ತಿಗೆ ಎಂದು ಹಿರಿಯರು ಹೇಳುತ್ತಿದ್ದರಂತೆ. ತಾಯಣ್ಣ ತೀರಿಕೊಂಡು ಆರು ವರ್ಷ.

ಆಗಸ್ಟ್ 22, ಶುಕ್ರವಾರ

ಇವತ್ತು ಮಾನ್ವಿಯ ದಾಖಲೆ ಕೋಣೆಯಲ್ಲಿ ಐದು ತಾಸು. ಮೈಯೆಲ್ಲ ಧೂಳು, ಮೂಗಿನಲ್ಲಿ ಧೂಳು, ಊಟದ ಡಬ್ಬಿಯಲ್ಲೂ ಧೂಳು. ಆದರೆ ಸಿಕ್ಕಿತು! ಅಮೋಘಸಿದ್ದ ಸತ್ತ ಮೇಲೆ ಜಮೀನು ಮಗನ ಹೆಸರಿಗೆ ಬದಲಾದ ಉರ್ದು ಹಾಳೆ. ದಾಖಲೆ ಕೋಣೆಯವರು ನನ್ನ ಸುತ್ತ ನಿಂತು, ನಾನು ಬೆರಳಿಟ್ಟು ಓದುವುದನ್ನು ಹಾವಾಡಿಗನನ್ನು ನೋಡಿದಂತೆ ನೋಡಿದರು. ಖಾತೆದಾರ ಮೃತನಾದದ್ದು ಸನ್ 1366. ಅಮ್ಮಿ ರಂಜಾನ್ ಲೆಕ್ಕಕ್ಕೆಂದು ನನ್ನ ಫೋನಿನಲ್ಲಿ ಹಾಕಿಸಿಟ್ಟ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲಿ ಒತ್ತಿ ಇಂಗ್ಲಿಷ್ ವರ್ಷ ನೋಡಿದೆ. 1947. ಸಿದ್ರಾಮ ಹೇಳಿದ್ದಕ್ಕೂ ಇದಕ್ಕೂ ಸರಿಯಾಗಿ ತಾಳೆ.

ಇದು ಎಷ್ಟು ದೊಡ್ಡ ವಿಷಯ ಎಂದು ಯಾರಿಗಾದರೂ ಹೇಳಬೇಕು ಅನ್ನಿಸಿತು, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಮಲಗಿಬಿಟ್ಟಿದ್ದಳು. 1956ರ ಜೂನ್ ಹದಿನೇಳಕ್ಕೆ ಹಿಂದೂ ಉತ್ತರಾಧಿಕಾರದ ಹೊಸ ಕಾಯ್ದೆ ಬಂತು. ಅದಕ್ಕಿಂತ ಮೊದಲು ಹಿಂದೂ ತಂದೆ ಸತ್ತಿದ್ದರೆ ಅವನು ಗಳಿಸಿದ ಜಮೀನು ಮಗನಿಗೆ. ಆಮೇಲೆ ಸತ್ತಿದ್ದರೆ ಮಗಳಿಗೂ ಮಗನಷ್ಟೇ ಪಾಲು. 1947 ಎಂದ ಮೇಲೆ ಹೆಣ್ಣುಮಕ್ಕಳು ಇದ್ದರೋ ಇಲ್ಲವೋ ಎಂದು ಹುಡುಕುವ ಗೊಡವೆಯೇ ಇಲ್ಲ. ದಾರಿ ಸಾಫ್.

ಆಗಸ್ಟ್ 30, ಶನಿವಾರ

ಪೇಪರಿನಲ್ಲಿ ನನ್ನ ಹೆಸರು! ಜಮೀನು ಕೊಳ್ಳುವ ಮೊದಲು ಯಾರದಾದರೂ ತಕರಾರು ಇದ್ದರೆ ಹದಿನೈದು ದಿನಗಳಲ್ಲಿ ತಿಳಿಸಿ ಎಂದು ವಕೀಲರು ಪ್ರಕಟಣೆ ಕೊಡುವ ಪದ್ಧತಿ. ನನ್ನದು ಏಳನೇ ಪುಟದಲ್ಲಿ, ಬೋರ್‌ವೆಲ್ ಜಾಹೀರಾತಿನ ಕೆಳಗೆ. ‘1947ರಲ್ಲಿ ಮೃತರಾದ ಅಮೋಘಸಿದ್ದ ಇವರ ಏಕೈಕ ವಾರಸುದಾರ ತಾಯಣ್ಣ’ ಎಂದು ಎಷ್ಟು ಖಚಿತವಾಗಿ ಬರೆದಿದ್ದೇನೆ. ಐದು ಪ್ರತಿ ಕೊಂಡೆ. ನಮ್ಮ ಅಬ್ಬಾ ಒಂದನ್ನು ತಮ್ಮ ಅಂಗಡಿಗೆ ಒಯ್ದು, ಹಗ್ಗ ಗಂಟೆ ಕೊಳ್ಳಲು ಬಂದ ಕುರಿಗಾಹಿಗಳಿಗೆಲ್ಲ ತೋರಿಸಿದ್ದಾರೆ.

ಸೆಪ್ಟೆಂಬರ್ 8, ಸೋಮವಾರ

ತಕರಾರು ಒಂದೂ ಇಲ್ಲ. ಅಭಿಪ್ರಾಯ ಪತ್ರ ಟೈಪ್ ಆಗಿ ಸಹಿಗೆ ಕಾಯುತ್ತಿದೆ. ಹಿತ್ತಾಳೆಯ ನಾಮಫಲಕಕ್ಕೆ ಹೇಳಿ ಬಂದೆ. ಹೆಸರು ದಪ್ಪ ಅಕ್ಷರದಲ್ಲಿ, ಡಿಗ್ರಿ ಅದರ ಕೆಳಗೆ.

ಸೆಪ್ಟೆಂಬರ್ 12, ಶುಕ್ರವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಇಬ್ಬರು ಬಂದರು. ಒಬ್ಬಳು ನೇತ್ರಾವತಿ, ದೇವದುರ್ಗದ ಕಡೆ ಅರಕೇರಾದ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಜೊತೆಗೆ ಅವಳ ಅಜ್ಜಿ ದುರುಗಮ್ಮ, ಕೋಲಿನಷ್ಟು ತೆಳ್ಳಗೆ, ಕೋಲಿನಷ್ಟೇ ನೆಟ್ಟಗೆ. ನೇತ್ರಾವತಿ ನನ್ನ ಪ್ರಕಟಣೆ ಇದ್ದ ಪೇಪರನ್ನು ಮೇಜಿನ ಮೇಲೆ ಹರವಿದಳು. ಶಾಲೆಗೆ ಪೇಪರು ವಾರ ಹತ್ತು ದಿನ ತಡವಾಗಿ ಬರುತ್ತದಂತೆ, ಅದನ್ನು ಅವಳು ಓದಿದ್ದು ಮೊನ್ನೆ. ಈ ಅಮೋಘಸಿದ್ದ ನಮ್ಮ ಅಜ್ಜಿಯ ಅಪ್ಪ, ತಾಯಣ್ಣ ಅಜ್ಜಿಯ ಅಣ್ಣ ಎಂದಳು.

ನನಗೆ ಮೈಯೆಲ್ಲ ಚುರುಕಾಯಿತು. ನನ್ನ ಮೊದಲ ತಕರಾರು! ಸಾಕ್ಷಿ ಏನಿದೆ ಎಂದು ಕೇಳಿದೆ. ಮತದಾರರ ಚೀಟಿ ಕೊಟ್ಟರು. ಅದರಲ್ಲಿ ಗಂಡನ ಹೆಸರಿದೆ, ಅಪ್ಪನ ಹೆಸರಿಲ್ಲ. ಹುಟ್ಟಿದ ವರ್ಷ 1949. ಅದನ್ನು ನೋಡಿದ ಕೂಡಲೇ ನನ್ನ ವಕೀಲಿ ಬುದ್ಧಿ ಎದ್ದು ಕೂತಿತು. ನೀವು ಹೇಳುವ ಅಪ್ಪ ಸತ್ತದ್ದು 1947ರಲ್ಲಿ, ಸರ್ಕಾರಿ ಕಾಗದವೇ ಇದೆ, ನೀವು ಹುಟ್ಟಿದ್ದು ಎರಡು ವರ್ಷ ಬಿಟ್ಟು, ಅದು ಹೇಗೆ ಎಂದೆ. ನಾಲಿಗೆ ಇಷ್ಟು ಚುರುಕಾಗಿದೆಯಲ್ಲ ಎಂದು ಆ ಕ್ಷಣ ನನಗೆ ಹೆಮ್ಮೆಯೂ ಆಯಿತು. ಸುಳ್ಳು ಯಾಕೆ ಬರೆಯಲಿ, ಆಯಿತು.

ನೇತ್ರಾವತಿಯ ಮುಖ ಕೆಂಪಾಯಿತು. ಮುದುಕಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ನನ್ನನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು.

“ಹಂಗಾದ್ರ ನಾನು ಯಾರ ಮಗಳು ಯವ್ವಾ?”

ನಾನು ಮತದಾರರ ಚೀಟಿಯನ್ನು ಅವರ ಕಡೆ ಸರಿಸಿದೆ, ಅಜ್ಜಿ ಅದನ್ನು ಮುಟ್ಟಲಿಲ್ಲ.

“ನಮ್ಮಪ್ಪನ ಹೆಗಲ ಮ್ಯಾಲೆ ಕುಂತು ಕುರಿ ಹಿಂದ ತಿರುಗಾಡೀನಿ. ಸತ್ತಾವನ ಹೆಗಲ ಮ್ಯಾಲೆ ಕುಂದ್ರಾಕ ಬರ್ತದೇನು? ಸಾಕ್ಷಿ ಕೇಳಾಕತ್ತಿಯಲ್ಲ, ತಗೋ. ಇದನ್ನ ಕಲಿಸಿದಾವ ಅಂವನ.”

ಎರಡು ಬೆರಳು ಬಾಯಲ್ಲಿಟ್ಟು ಒಂದು ಸಿಳ್ಳೆ ಹಾಕಿದರು. ಹಲ್ಲಿಲ್ಲದ ಬಾಯಿಂದ ಅಂಥ ಸಿಳ್ಳೆ! ಕೆಳಗಿನ ಜೆರಾಕ್ಸ್ ಅಂಗಡಿಯವರು ಮೆಟ್ಟಿಲ ತನಕ ಓಡಿಬಂದರು. ಚಹಾ ತರಿಸುತ್ತೇನೆ ಎಂದರೆ ಬೇಡ ಎಂದು ಎದ್ದುಹೋದರು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವಳು ಆ ಉರ್ದು ಹಾಳೆಯ ನಕಲನ್ನು ಅಮ್ಮಿಯ ಮುಂದಿಟ್ಟೆ. ಅಮ್ಮಿ ಮೆಂತ್ಯ ಸೋಸುತ್ತಿದ್ದರು. ಕನ್ನಡಕ ಏರಿಸಿ ಒಂದು ಸಲ ನೋಡಿ, ಮತ್ತೆ ಸೊಪ್ಪಿಗೆ ಕೈಹಾಕಿದರು.

“ಸರ್ಕಾರಿ ಕಾಗಜ್ ಮೇ ಹಿಜ್ರಿ ಕೌನ್ ಲಿಕ್ತೇ ಬೇಟಾ? ಫಸ್ಲಿ ಲಿಕ್ತೇ.”

ಯಾ ಅಲ್ಲಾ. ಸರ್ಕಾರಿ ಕಾಗದದಲ್ಲಿ ಹಿಜ್ರಿ ಯಾರು ಬರೆಯುತ್ತಾರೆ! ಫಸಲಿ. ಬೆಳೆಯ ಲೆಕ್ಕದ, ಕಂದಾಯದವರ ವರ್ಷ. ಅದಕ್ಕೆ ಐನೂರ ತೊಂಬತ್ತು ಕೂಡಿಸಿದರೆ ಇಂಗ್ಲಿಷ್ ವರ್ಷ ಬರುತ್ತದೆ ಎಂದು ದಾಖಲೆ ಕೋಣೆಯ ಮುಂದೆ ಚಹಾ ಮಾರುವವರಿಗೂ ಗೊತ್ತು. ನನಗೂ ಗೊತ್ತು, ನೂರು ಸಲ ಕೂಡಿಸಿದ್ದೇನೆ. ಅವತ್ತು ಮಾತ್ರ ಹುರುಪಿನಲ್ಲಿ ರಂಜಾನ್ ಕ್ಯಾಲೆಂಡರ್ ಒತ್ತಿದೆ, ಅದು ನಮ್ಮ ಹಬ್ಬಗಳ ಹಿಜ್ರಿ ವರ್ಷ ಎಂದುಕೊಂಡು ಉತ್ತರ ಕೊಟ್ಟಿತು, ಬೇಕಾದ ಉತ್ತರವೇ ಬಂತೆಂದು ನಾನು ತೆಗೆದುಕೊಂಡೆ. 1366ಕ್ಕೆ 590 ಕೂಡಿಸಿದರೆ 1956. ಆ ಫಸಲಿ ವರ್ಷ ಶುರುವಾಗುವುದೇ ಜುಲೈನಿಂದ ಈಚೆಗೆ. ಕಾಯ್ದೆ ಬಂದದ್ದು ಜೂನ್‌ನಲ್ಲಿ.

ಅಂದರೆ ನಾಲ್ಕು ಎಕರೆ ಆ ಅಜ್ಜಿಯದು. ನಾನು ಅದನ್ನು ಕಿತ್ತುಕೊಂಡದ್ದು ಸಾಲದೆ, ಪೇಪರಿನಲ್ಲಿ ಅಚ್ಚುಹಾಕಿಸಿ ಅವರ ಅಪ್ಪನನ್ನೂ ಕಿತ್ತುಕೊಂಡೆ.

ಸೆಪ್ಟೆಂಬರ್ 13, ಶನಿವಾರ

ಊಟ ಸೇರಲಿಲ್ಲ.

ಸೆಪ್ಟೆಂಬರ್ 15, ಸೋಮವಾರ

ಮೊದಲ ಬಸ್ಸಿಗೆ ಮಾನ್ವಿ. ಆ ಹಾಳೆಯನ್ನು ಮತ್ತೆ ತೆಗೆಸಿದೆ. ಫಸಲಿ ಎಂದು ಗುರುತು ಹಾಕುವ ಜಾಗದಲ್ಲಿ ಹುಳ ತಿಂದ ತೂತು, ಅದನ್ನು ಅವತ್ತು ನೋಡಿಯೂ ನೋಡದಂತಿದ್ದೆ. ಆಮೇಲೆ, ಅವತ್ತು ಮಾಡದ ಇನ್ನೊಂದು ಕೆಲಸ ಮಾಡಿದೆ. ಹಾಳೆಯನ್ನು ತಿರುವಿದೆ.

ಹಿಂಬದಿಯಲ್ಲಿ ಒಂದೇ ಸಾಲು ಇದೆ. ಮೃತನಿಗೆ ಒಬ್ಬ ಮಗ, ಒಬ್ಬಳು ಮಗಳು, ಮಗಳಿಗೆ ವಯಸ್ಸು ಏಳು.

ಏಳು! 1956ರಿಂದ ಏಳು ಕಳೆದರೆ 1949. ನಾನು ಎಷ್ಟು ಜೋರಾಗಿ ಮೇಜು ತಟ್ಟಿದೆನೆಂದರೆ ಪಕ್ಕದ ಕಟ್ಟು ಕೆಳಗೆ ಬಿತ್ತು. ದಾಖಲೆ ಕೋಣೆಯವರು ಏನು ಸಿಕ್ಕಿತು ಮೇಡಂ ಎಂದರು. ಏಳು ವರ್ಷದ ಹುಡುಗಿ ಸಿಕ್ಕಳು ಎಂದೆ. ಅವರಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು.

ಆ ಸಾಲಿನಲ್ಲಿ ಮಗನಿಗೆ ಹೆಸರಿದೆ, ತಾಯಣ್ಣ ಎಂದು. ಮಗಳಿಗೆ ಹೆಸರಿಲ್ಲ. ಬರೆದವನು ಕೇಳಿಯೇ ಇಲ್ಲ.

ಸೆಪ್ಟೆಂಬರ್ 16, ಮಂಗಳವಾರ

ಪರ್ವೇಜ್ ಸಾಹೇಬರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಅವಸರದವರು. ನಲವತ್ತು ಮನೆಯವರಿಗೆ ದಸರೆಗೆ ಗುದ್ದಲಿ ಪೂಜೆ ಎಂದು ಮಾತು ಕೊಟ್ಟಿದ್ದಾರೆ. ಹದಿನೈದು ದಿನ ಮುಗಿದಿದೆ, ಆ ಅಮ್ಮ ಬರಹದಲ್ಲಿ ಏನೂ ಕೊಟ್ಟಿಲ್ಲ, ಕೋರ್ಟಿನ ಮೆಟ್ಟಿಲು ಹತ್ತುವ ಪೈಕಿಯೂ ಅಲ್ಲ, ನೀವು ಸಹಿ ಮಾಡಿ ಸುಮ್ಮನಿದ್ದರೆ ಸಾಕು ಎಂದರು. ಆಗುವುದಿಲ್ಲ, ಪ್ರಕಟಣೆ ನನ್ನ ಹೆಸರಿನಲ್ಲಿದೆ, ವರ್ಷ ತಪ್ಪಾಗಿದೆ, ನಾನೇ ತಿದ್ದುತ್ತೇನೆ ಎಂದೆ. ಅವರು ಎದ್ದು ಫೈಲು ಕೈಗೆ ತೆಗೆದುಕೊಂಡರು.

“ತಿದ್ದಕೊಳ್ರಿ ಮೇಡಂ. ಇವತ್ತಿನಿಂದ ನೀವು ನಮ್ಮ ವಕೀಲರಲ್ಲ.”

ಮೊದಲ ಕೆಲಸ ಹೋಯಿತು. ವಿಚಿತ್ರ ಏನೆಂದರೆ, ಆಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಸೆಪ್ಟೆಂಬರ್ 18, ಗುರುವಾರ

ಪರ್ವೇಜ್ ಸಾಹೇಬರ ಫೈಲು ನೋಡಿದವಳು ನಾನು ದುರುಗಮ್ಮನ ವಕೀಲೆ ಆಗಲು ಬರುವುದಿಲ್ಲ. ಅದಕ್ಕೇ ಸುನಂದಾ ಮೇಡಂ ಹತ್ತಿರ ಹೋದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಎಲ್ಲ ಕೇಳಿದರು, ನಾನು ಬರೆದ ತಿದ್ದುಪಡಿ ಪ್ರಕಟಣೆಯನ್ನು ಎರಡು ಸಲ ಓದಿದರು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

“ಮೂವತ್ತು ವರ್ಷದಾಗ ನಾನೂ ಇಂಥಾ ತಪ್ಪು ಮೂರು ಸಲ ಮಾಡೀನಿ ಆತಿಯಾ. ಒಂದನ್ನೂ ಪೇಪರಿಗೆ ಹಾಕಿಸಿಲ್ಲ.”

ಆ ಅಜ್ಜಿಯನ್ನು ನನ್ನ ಹತ್ತಿರ ಕಳಿಸು ಎಂದರು. ನೇತ್ರಾವತಿಗೆ ಫೋನ್ ಮಾಡಿ ವಿಳಾಸ ಕೊಟ್ಟೆ. ಕ್ಷಮೆ ಕೇಳಬೇಕೆಂದಿದ್ದೆ, ಅವಳು ವಿಳಾಸ ಬರೆದುಕೊಂಡು ಫೋನ್ ಇಟ್ಟುಬಿಟ್ಟಳು.

ಸೆಪ್ಟೆಂಬರ್ 22, ಸೋಮವಾರ

ನಿನ್ನೆ ಬಂತು. ಮತ್ತೆ ಏಳನೇ ಪುಟ. ‘ಸದರಿ ಅಮೋಘಸಿದ್ದ ಮೃತರಾದದ್ದು 1947ರಲ್ಲಿ ಅಲ್ಲ, ಫಸಲಿ 1366ರಲ್ಲಿ, ಅಂದರೆ 1956-57ರಲ್ಲಿ. ಅವರಿಗೆ ಒಬ್ಬ ಮಗಳೂ ಇರುವುದು ದಾಖಲೆಯಿಂದ ಕಂಡುಬಂದಿದೆ. ಹಿಂದಿನ ಪ್ರಕಟಣೆಯ ತಪ್ಪು ನನ್ನದು.’ ಇವತ್ತು ವಕೀಲರ ಸಂಘದಲ್ಲಿ ನಾನು ಒಳಗೆ ಹೋಗುತ್ತಿದ್ದಂತೆ ಒಬ್ಬರು ಈಗ ಟೈಮ್ ಎಷ್ಟು ಮೇಡಂ, ಹಿಜ್ರಿನೋ ಫಸಲಿನೋ ಎಂದರು. ಎಲ್ಲರೂ ನಕ್ಕರು. ನನಗೂ ನಗು ಬಂತು, ಏನು ಮಾಡಲಿ, ಚೆನ್ನಾಗಿಯೇ ಇತ್ತು.

ಸಂಜೆ ಸಿರವಾರದ ಕಡೆಯವರೊಬ್ಬರು ಬಟ್ಟೆಯಲ್ಲಿ ಸುತ್ತಿದ ಉರ್ದು ಕಾಗದ ಹಿಡಿದು ಬಂದಿದ್ದರು. ತಪ್ಪು ಮಾಡೀನಿ ಅಂತ ಪೇಪರಿಗೆ ಹಾಕಿಸಿದ ವಕೀಲರ ಆಫೀಸು ಇದೇ ಏನು ಎಂದು ಕೆಳಗೆ ಕೇಳಿಕೊಂಡು ಬಂದರಂತೆ. ಹೌದು ಎಂದು ಗಟ್ಟಿ ಕುರ್ಚಿ ಕೊಟ್ಟೆ. ಈ ಸಲ ಹಾಳೆಯ ಎರಡೂ ಬದಿ ಓದಿ, ಮನೆಯಲ್ಲಿ ಹೆಣ್ಣುಮಕ್ಕಳು ಎಷ್ಟು ಜನ, ಯಾವ ಊರಿಗೆ ಕೊಟ್ಟಿದ್ದೀರಿ, ಅವರ ಹೆಸರೇನು ಎಂದು ಕೇಳಿ ಬರೆದುಕೊಂಡೆ. ನಾಮಫಲಕ ತಯಾರಾಗಿದೆ ಎಂದು ಫೋನ್ ಬಂದಿತ್ತು. ಯಾವಾಗಲಾದರೂ ಹೋಗಿ ತರಬೇಕು.

ಸೆಪ್ಟೆಂಬರ್ 29, ಸೋಮವಾರ

ನೇತ್ರಾವತಿಯೇ ಫೋನ್ ಮಾಡಿದಳು. ವಂಶವೃಕ್ಷದಲ್ಲಿ ಅಜ್ಜಿಯ ಹೆಸರು ಸೇರಿಸಲು ಮೇಡಂ ಅರ್ಜಿ ಹಾಕಿದ್ದಾರೆ. ಶನಿವಾರ ಮಲ್ಲಟದ ಹೊಲದಲ್ಲೇ ವಿಚಾರಣೆ. ಹಾಳೆಯಲ್ಲಿ ಮಗಳು ಎಂದಿದೆ, ಆದರೆ ಆ ಮಗಳು ಇವಳೇ ಎಂದು ಮನೆಯವರೋ ಊರಿನವರೋ ಹೇಳಬೇಕು. ಆಕೆ ಯಾರೋ ನನಗೆ ಗೊತ್ತಿಲ್ಲ ಎಂದೇ ಹೇಳುತ್ತೇನೆ ಎಂದು ಸಿದ್ರಾಮ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನಂತೆ. ಹಾಗೆ ಹೇಳಿದರೆ ಕೋರ್ಟು, ಕೋರ್ಟೆಂದರೆ ಹತ್ತು ವರ್ಷ. ಅಜ್ಜಿಗೆ ಎಪ್ಪತ್ತಾರು.

ನೀವು ಬರ್ತೀರೇನ್ರಿ ಎಂದು ಕೇಳಿದಳು. ನನಗೆ ಅಲ್ಲಿ ಯಾವ ಕೆಲಸವೂ ಇಲ್ಲ. ಬರುತ್ತೇನೆ ಎಂದೆ.

ಅಕ್ಟೋಬರ್ 4, ಶನಿವಾರ

ಮಲ್ಲಟದಿಂದ ಈಗಷ್ಟೇ ಬಂದೆ. ಕಾಲಿಗೆ ಅಂಟಿದ ಎರೆಮಣ್ಣು ಇನ್ನೂ ತೊಳೆದಿಲ್ಲ, ಮೊದಲು ಬರೆದುಬಿಡುತ್ತೇನೆ.

ಮಾರಾಟಕ್ಕೆಂದು ಬೀಳು ಬಿಟ್ಟ ಹೊಲ. ಗ್ರಾಮ ಆಡಳಿತಾಧಿಕಾರಿ ಒಂದು ಕುರ್ಚಿ ತರಿಸಿಕೊಂಡು ಜಾಲಿ ಮರದ ಕೆಳಗೆ ಕೂತಿದ್ದರು. ಸುನಂದಾ ಮೇಡಂ, ಊರಿನ ನಾಲ್ಕೈದು ಹಿರಿಯರು, ಸಿದ್ರಾಮ. ರಸ್ತೆಯಲ್ಲಿ ಕಾರು ನಿಲ್ಲಿಸಿಕೊಂಡು ಪರ್ವೇಜ್ ಸಾಹೇಬರು. ದುರುಗಮ್ಮ ಬಂದವರೇ ಯಾರನ್ನೂ ಮಾತಾಡಿಸದೆ ಹೊಲದ ಬದುವಿನ ಮೇಲೆ ಒಂದು ಸುತ್ತು ನಡೆದರು. ಎಲ್ಲರೂ ಕಾದೆವು. ಮದುವೆಯಾಗಿ ಹೋದಮೇಲೆ ತವರಿಗೆ ಬಂದದ್ದುಂಟು, ಈ ಹೊಲದಲ್ಲಿ ಕಾಲಿಟ್ಟದ್ದು ಇವತ್ತೇ ಎಂದು ನೇತ್ರಾವತಿ ಹೇಳಿದಳು.

ಈಕೆ ಯಾರು ಎಂದು ಅಧಿಕಾರಿ ಹಿರಿಯರನ್ನು ಕೇಳಿದರು. ದಿನಾ ಸಿದ್ರಾಮನ ಮುಖ ನೋಡಬೇಕಾದವರು ಅವರು. ಬಹಳ ಹಳೆಯ ಮಾತು, ಸರಿಯಾಗಿ ನೆನಪಿಲ್ಲ ಎಂದರು. ಅಧಿಕಾರಿ ಸಿದ್ರಾಮನನ್ನು ಕೇಳಿದರು. ಅವನು ಟವೆಲನ್ನು ಹಿಂಡುತ್ತಾ ನೆಲ ನೋಡಿದ. ಬಾಯಿ ತೆರೆದ, ಮುಚ್ಚಿದ. ಆ ಹಾಳೆಯನ್ನು ಕಂಡು ಹಿಡಿದವಳು ನಾನು, ಒಂದು ಮಾತು ಆಡುವ ಹಕ್ಕು ನನಗಿರಲಿಲ್ಲ.

ದುರುಗಮ್ಮ ಅವನ ಹತ್ತಿರ ಹೋಗಿ ನಿಂತರು. ದನಿ ಏರಿಸಲಿಲ್ಲ.

“ಸಿದ್ರಾಮ, ನಿನ್ನ ತೊಟ್ಟಲ ಮುಂದ ಕುಂತು ನಿನ್ನ ಕಿವ್ಯಾಗ ಈ ಹೆಸರು ಹೇಳಿದಾಕಿ ನಾನು. ಹಳ್ಳ ಬಂದು ನಾನು ಬರೋದು ತಡ ಆಗಿತ್ತು. ಸೋದರತ್ತಿ ಇಲ್ಲದ ಹೆಸರಿಡಂಗಿಲ್ಲ ಅಂತ ನಿಮ್ಮಪ್ಪ ಎರಡು ದಿನ ತೊಟ್ಟಲ ತಡದಿದ್ದ. ನಾನಿಟ್ಟ ಹೆಸರು ಎಲ್ಲಾ ಕಾಗದದಾಗ ಬರಸೀದಿ. ನನ್ನ ಹೆಸರು ಒಂದು ಕಾಗದದಾಗ ಬರಸಾಕ ನಿನಗ ಆಗಲಿಲ್ಲೇನಪಾ?”

ಹಿರಿಯರಲ್ಲೊಬ್ಬರು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಸಿದ್ರಾಮ ಟವೆಲನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡ. ಆಮೇಲೆ ಅಧಿಕಾರಿಯ ಕಡೆ ತಿರುಗಿದ.

“ನಮ್ಮ ಸೋದರತ್ತಿ ರೀ. ದುರುಗಮ್ಮ. ನಮ್ಮಪ್ಪನ ಬೆನ್ನಿಗೆ ಬಿದ್ದ ತಂಗಿ. ಬರ್ಕೊಳ್ರಿ.”

ಬರೆದುಕೊಂಡರು. ಓದಿ ಹೇಳಿದರು. ದುರುಗಮ್ಮ ಆ ಕಾಗದ ಇಸಿದುಕೊಂಡು ನೇರ ನನ್ನ ಹತ್ತಿರ ಬಂದರು, ಅವರ ವಕೀಲರು ಅಲ್ಲೇ ಇದ್ದರೂ. ಅಪ್ಪನ ಹೆಸರು ಎಲ್ಲಿದೆ ತೋರಿಸು ಎಂದರು. ತೋರಿಸಿದೆ. ನನ್ನದು ಎಲ್ಲಿದೆ ಎಂದರು. ಅವರ ಬೆರಳು ಹಿಡಿದು ಅದರ ಕೆಳಗೇ ಇಟ್ಟೆ. ಆ ಬೆರಳನ್ನು ಅವರು ಬೇಗ ತೆಗೆಯಲಿಲ್ಲ. ನಾನು ಅತ್ತೆ. ಬರೆಯಲು ನಾಚಿಕೆಯೇನಿಲ್ಲ, ಸುನಂದಾ ಮೇಡಂ ಕೂಡ ಅತ್ತರು.

ಅಷ್ಟರಲ್ಲಿ ಪರ್ವೇಜ್ ಸಾಹೇಬರು ರಸ್ತೆಯಿಂದ ಇಳಿದು ಬಂದರು. ಬಹಳ ಮರ್ಯಾದೆಯಿಂದಲೇ ಕೇಳಿದರು: ಸಿದ್ರಾಮ ತನ್ನ ಪಾಲು ಕೊಡುತ್ತಿದ್ದಾನೆ, ನಿಮ್ಮ ನಾಲ್ಕು ಎಕರೆಗೂ ಅಷ್ಟೇ ಬೆಲೆ, ಇವತ್ತೇ ಮಾತು ಮುಗಿಸಿದರೆ ನಲವತ್ತು ಮನೆಗೆ ಅನುಕೂಲ. ದುರುಗಮ್ಮ ಪೂರ್ತಿ ಕೇಳಿಸಿಕೊಂಡರು. ಬಗ್ಗಿ ಮಣ್ಣಿನ ಒಂದು ಹೆಂಟೆ ಎತ್ತಿ ಬೆರಳಲ್ಲಿ ಪುಡಿಮಾಡಿ ತೇವ ನೋಡಿದರು.

“ಹದ ಚಲೋ ಅದ. ಈ ವರ್ಷ ಬಿಳಿಜೋಳ ಬಿತ್ತಸ್ತೀನಿ. ನಮ್ಮಪ್ಪನ ಹೊಲದ ರೊಟ್ಟಿ ಒಂದು ವರ್ಷ ತಿಂತೀನಿ. ಆಮ್ಯಾಲೆ ಬರ್ರಿ, ಮಾತಾಡೋಣು.”

ಸಾಹೇಬರು ಸುನಂದಾ ಮೇಡಂ ಕಡೆ ನೋಡಿದರು, ಮೇಡಂ ಆಕಾಶ ನೋಡಿದರು. ಆಮೇಲೆ ಸಾಹೇಬರು ಹಳೆಯ ಅಭ್ಯಾಸದಿಂದ ನನ್ನ ಕಡೆ ನೋಡಿದರು, ಏನಾದರೂ ಹೇಳಿ ಎನ್ನುವಂತೆ. ನಾನು ಅಲ್ಲಿ ಯಾರ ವಕೀಲೆಯೂ ಆಗಿರಲಿಲ್ಲ. ಬೀಜ ಎಷ್ಟು ಬೇಕಾಗುತ್ತದೆ ಅಜ್ಜಿ ಎಂದು ಕೇಳಿದೆ.